ಮಗಳಿಗೊಂದು ಪತ್ರ: ಚಿಂಟು ತೋಟಕ್ಕೆ ಬರುವ ಮುಂಚೆ

ಪ್ರೀತಿಯ ಪುಟ್ಟಿ,

ಕಾಫಿ ಕೊಯ್ಲಿನ ಹೊತ್ತಿಗೆ ನಿನ್ನ ನಾಯಿ ಚಿಂಟುವನ್ನು ಇಲ್ಲಿ ಬಿಟ್ಟು ಹೋಗ್ತೀನಿ ಅಂದಿದ್ದೀಯಲ್ಲ, ಧಾರಾಳವಾಗಿ ಬಿಡು. ಅವನಿಗೆ ಕೊಡಬಾರದ ಹಣ್ಣುಗಳ ಪಟ್ಟಿ ಓದಿದೆ. ಬೆಣ್ಣೆಹಣ್ಣನ್ನು ಮೊದಲು ಬರೆದು, ದ್ರಾಕ್ಷಿಯನ್ನು ಕೊನೆಗೆ ತಳ್ಳಿದ್ದೀಯ. ನನ್ನ ಕೇಳಿದರೆ ಅದು ತಿರುಗುಮುರುಗಾಗಬೇಕು.

ಬೆಣ್ಣೆಹಣ್ಣಿನಲ್ಲಿರುವ ಪರ್ಸಿನ್ ಅನ್ನೋ ಅಂಶ ಹಕ್ಕಿಗಳಿಗೆ, ಕುದುರೆಗೆ, ಮೇಕೆಗೆ ವಿಷ. ನಾಯಿಗಳು ಅದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಭಯ ಇರುವುದು ಬೀಜದ್ದು. ನುಂಗಿದರೆ ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್‌ವರೆಗೂ ಹೋಗಬಹುದು. ಕೊಬ್ಬೂ ಜಾಸ್ತಿ. ಕೊಡೋದು ಬೇಡ, ಅಷ್ಟೇ.

ದ್ರಾಕ್ಷಿ ಹಾಗಲ್ಲ. ಹಸಿಯಾಗಲಿ, ಒಣಗಿದ್ದಾಗಲಿ, ಕಿಡ್ನಿಯನ್ನೇ ಕೆಡಿಸಬಹುದು. ಒಂದು ನಾಯಿ ಹಿಡಿ ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕು ಕಾಳಿಗೇ ಮಲಗಿಬಿಡುತ್ತದೆ. ಹಾಗಾಗಿ ಇಷ್ಟು ಕೊಡಬಹುದು ಅನ್ನುವ ಲೆಕ್ಕವೇ ಇಲ್ಲ. ಬಹಳ ಕಾಲ ಕಾರಣ ತಿಳಿದಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲೆ ಬೆರಳು ತೋರಿಸಿದರು. ಅದು ಹುಣಸೆಯಲ್ಲೂ ತುಂಬಾ ಇದೆ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ನಾವು ಕೊಡಗಿನ ಹುಳಿ ಕಾಚಂಪುಳಿ ಹಾಕಿದರೂ ಬೇರೆ ಸಾರಿಗೆ ಹುಣಸೆಯೇ ಅಲ್ವಾ? ನಿನ್ನ ಪಟ್ಟಿಯಲ್ಲಿ ಹುಣಸೆ ಇಲ್ಲ, ಸೇರಿಸು.

ಇನ್ನು ನಿನ್ನ ಅಜ್ಜಿ. 'ಪಾಪ, ನಾಯಿಗೂ ಹಬ್ಬ ಬೇಡ್ವಾ' ಅಂತ ದ್ರಾಕ್ಷಿ ಹಾಕಿದ ಪಾಯಸವನ್ನು ತಟ್ಟೆಗೆ ಸುರಿದೇ ಬಿಡುತ್ತಾರೆ. ನಾನು ಹೇಳಿದರೆ ಕೇಳಲ್ಲ. ನೀನೇ ಫೋನ್ ಮಾಡು, ಮೊಮ್ಮಗಳ ಮಾತು ಮೀರಲ್ಲ.

ನೀನು ಮರೆತ ಇನ್ನೊಂದು ಹಣ್ಣು ನಮ್ಮ ಕಾಫಿಯೇ. ಹಣ್ಣಾದ ಕಾಫಿಯ ಸಿಪ್ಪೆ ಸಿಹಿ, ಆದರೆ ಒಳಗಿರೋದು ಕೆಫೀನ್. ಜಾಸ್ತಿ ಹೊಟ್ಟೆಗೆ ಹೋದರೆ ಎದೆಬಡಿತ ಏರಿ, ಮೈ ನಡುಗಿ, ಫಿಟ್ಸ್ ಕೂಡ ಬರಬಹುದು. ನಮ್ಮ ತೋಟದ ನಾಯಿಗಳು ಮೂಸಿ ಮುಂದೆ ಹೋಗುತ್ತವೆ. ಚಿಂಟು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವವನು, ಚಪ್ಪಲಿಯನ್ನೂ ಬಿಟ್ಟವನಲ್ಲ. ಕಾಫಿ ಒಣಗುವ ಕಣದ ಹತ್ತಿರ ಅವನನ್ನು ಬಿಡಲ್ಲ.

ಕಿತ್ತಳೆ ಒಂದೆರಡು ತೊಳೆ ತಿಂದರೆ ಏನಾಗಲ್ಲ. ಸಿಪ್ಪೆ, ಬೀಜ ಬೇಡ.

ಅಕಸ್ಮಾತ್ ದ್ರಾಕ್ಷಿ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೇ ಉಪಾಯ ನಾನು ಮಾಡಲ್ಲ. ಆ ಉಪ್ಪೇ ನಾಯಿಗೆ ಮುಳುವಾಗಬಹುದು. ಹುಷಾರಾಗಿದ್ದಾನಲ್ಲ ಅಂತ ಸುಮ್ನೆ ಕೂರೋದೂ ಇಲ್ಲ, ಕಿಡ್ನಿ ಕೆಟ್ಟಿದ್ದು ಗೊತ್ತಾಗಲು ಒಂದೆರಡು ದಿನ ಬೇಕು. ನೇರ ಜೀಪು ಹತ್ತಿಸಿ ಮಡಿಕೇರಿಗೆ, ಡಾಕ್ಟರ ಹತ್ತಿರ. ಅವರು ಮೊದಲು ಕೇಳೋದು ತೂಕವನ್ನೇ. ಬರುವಾಗ ತೂಗಿಸಿ ಬರೆದು ತಾ, ಲಸಿಕೆಯ ಪುಸ್ತಕವನ್ನೂ ಮರೀಬೇಡ.

ನಿನ್ನ
ಅಪ್ಪ