ಗೇಮ್‌ನಲ್ಲೂ ಇದೆ ಸಂತೆಯ ಲೆಕ್ಕ

ಮಾನ್ಯರೇ,

ರಜೆ ಬಂದರೆ ಸಾಕು, ಮಕ್ಕಳ ಕೈಯಿಂದ ವಿಡಿಯೊ ಗೇಮ್ ಕಿತ್ತುಕೊಳ್ಳಿ ಎಂಬ ಉಪದೇಶ ಶುರು. ಬದಲಿಗೆ ಪಕ್ಕದಲ್ಲಿ ಕೂತು ಆಡಬಹುದಲ್ವಾ? 2020ರಲ್ಲಿ ಬಂದ ‘ಆ್ಯನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಗೇಮ್‌ನಲ್ಲಿ ಭಾನುವಾರ ಬೆಳಿಗ್ಗೆ ಟರ್ನಿಪ್ ಗಡ್ಡೆ ಕೊಳ್ಳಬೇಕು. ಸೋಮವಾರದಿಂದ ಶನಿವಾರದವರೆಗೆ ಅದನ್ನು ಮಾರಿದರೆ ಅಂಗಡಿಯವರು ಕೊಡುವ ದರ ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಇನ್ನೊಂದು. ಇನ್ನೂ ಏರಲಿ ಎಂದು ಕಾಯುತ್ತಾ ಕೂತರೆ ಮುಂದಿನ ಭಾನುವಾರ ಅಷ್ಟೂ ಕೊಳೆತುಹೋಗುತ್ತದೆ! ಮಗಳೂ ನಾನೂ ಇದಕ್ಕಾಗಿ ಜಗಳವಾಡಿದ್ದೇವೆ. ಮೊನ್ನೆ ಗಾಂಧಿಬಜಾರಿನಲ್ಲಿ ರಾತ್ರಿ ಸೊಪ್ಪಿನ ಬೆಲೆ ಇಳಿದಿದ್ದು ನೋಡಿ, ‘ನಾಳೆಗೆ ಬಾಡುತ್ತಲ್ಲಮ್ಮ, ಅದಕ್ಕೇ’ ಎಂದಳು. ಸುಮ್ನೆ ಫೋನ್ ಕೊಟ್ಟು ಕೂರಿಸಿದರೆ ಈ ಮಾತು ಹುಟ್ಟುವುದಿಲ್ಲ. ಹೆಜ್ಜೆಹೆಜ್ಜೆಗೂ ನಿಜವಾದ ದುಡ್ಡು ಕೇಳುವ ಗೇಮ್‌ಗಳು ಬೇರೆ. ಅವುಗಳಿಂದ ಮಕ್ಕಳನ್ನು ದೂರ ಇಡಿ. ಶಾಲೆಗಳ ಪೋಷಕರ ಸಭೆಯಲ್ಲಿ ಅಂಕಗಳ ಜೊತೆ ಇದೂ ಚರ್ಚೆಗೆ ಬರಲಿ.

– ಒಬ್ಬ ತಾಯಿ, ಬಸವನಗುಡಿ, ಬೆಂಗಳೂರು