ಸ್ಕ್ವಾಡಿಗೆ ಯಾಕೆ ಬರ್ತಿಲ್ಲ ಹೇಳಿ ಕೇಳಿದ್ಯಲ್ಲ

ಪ್ರಸನ್ನಾ,

ರಾತ್ರಿ ಬಿಜಿಎಂಐಗೆ, ಅದೇ ನಾವೆಲ್ಲ ಸ್ಕ್ವಾಡ್ ಕಟ್ಕೊಂಡು ಮೊಬೈಲಲ್ಲಿ ಆಡೂ ಗುಂಡು ಹೊಡೆಯೂ ಗೇಮಿಗೆ, ಯಾಕೆ ಬರೂದಿಲ್ಲ, ನಮ್ಮ ಮೇಲೆ ಸಿಟ್ಟಾ ಹೇಳಿ ಕೇಳಿದ್ಯಲ್ಲ, ಎಂತ ಸಿಟ್ಟೂ ಇಲ್ಲ ಮಾರಾಯ. ಬೇಜಾರು ಬಂತು ಅಷ್ಟೇ. ಓಪನ್ ಮಾಡಿದ್ರೆ ಮೊದ್ಲು ಸ್ಕಿನ್ನು (ಬಂದೂಕು, ಬಟ್ಟೆಯ ಬಣ್ಣ-ಅಲಂಕಾರ), ಆಮೇಲೆ ಕ್ರೇಟು (ಒಳಗೆಂತ ಇದೆ ಹೇಳಿ ಗೊತ್ತಿಲ್ಲದ ಪೆಟ್ಟಿಗೆ), ಆಮೇಲೆ ಡೈಲಿ ಮಿಷನ್ನು, ಒಂದಿನ ಹೋಗ್ದಿದ್ರೆ ಏನೋ ದೊಡ್ಡ ಲುಕ್ಸಾನಾದ ಹಾಗೆ. ಕಂಪ್ಯೂಟರಲ್ಲಿ ದೊಡ್ಡ ಗೇಮು ಆಡುವಾ ಅಂದ್ರೆ ಈ ಶಿರಸಿ ಮಳೆಲಿ ನೂರು ಜಿಬಿ ಡೌನ್‌ಲೋಡ್ ಆಗೂದ್ರೊಳಗೆ ಅಡಿಕೆ ಕೊಯ್ಲು ಬರ್ತದೆ.

ಈಗ ನಾ ಹುಡ್ಕಿ ಹುಡ್ಕಿ ಆಡೂದು ಒಬ್ರೋ ಇಬ್ರೋ ಕೂತು ಮಾಡಿದ ಸಣ್ಣ ಗೇಮು. ಎ ಶಾರ್ಟ್ ಹೈಕ್ ಹೇಳಿ ಒಂದಿದೆ, ಕೆನಡಾದ ಆಡಮ್ ರಾಬಿನ್ಸನ್-ಯು 2019ರಲ್ಲಿ ಮಾಡಿದ್ದು. ಕ್ಲೇರ್ ಹೇಳೂ ಹಕ್ಕಿ ಹುಡುಗಿಗೆ ಒಂದು ಫೋನು ಬರೂದಿದೆ, ನೆಟ್‌ವರ್ಕ್ ಸಿಗೂದು ಗುಡ್ಡದ ತುದೀಲಿ ಮಾತ್ರ. ಇಷ್ಟೇ ಕತೆ! ಲಾಕ್‌ಡೌನಲ್ಲಿ ನಮ್ಮ ಕಡೆ ಮಕ್ಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿದ್ದು ನೋಡಿದವ್ರಿಗೆ ಇದನ್ನ ವಿವರಿಸೂದೇ ಬೇಡ. ಬಂಗಾರದ ಗರಿ ಸಿಕ್ಕಿದಷ್ಟೂ ಮೇಲೆ ಹತ್ಬಹುದು, ದಾರಿ ಬಿಟ್ಟು ಮೀನು ಹಿಡೀತಾ ಕೂತ್ರೂ ಯಾರೂ ಬೈಯೂದಿಲ್ಲ. ತುದಿ ಮುಟ್ಟಿದ ಮೇಲೆ ಫೋನಲ್ಲಿ ಯಾರು ಎಂತ ಹೇಳ್ತಾರೆ ಹೇಳೂದು ನಾ ಹೇಳೂದಿಲ್ಲ, ನೀನೇ ಹತ್ತು. ಒಂದು ಸಂಜೆಲಿ ಮುಗೀತದೆ. ಹಾಂ, ಮುಗೀತದೆ! ನಂಗೆ ಸೇರಿದ್ದೇ ಅದು, ನಿಮ್ಮ ಬಿಜಿಎಂಐ ಯಾವತ್ತಾದ್ರೂ ಮುಗೀತದಾ?

ಇನ್ನೊಂದು ರಿಟರ್ನ್ ಆಫ್ ದಿ ಓಬ್ರಾ ಡಿನ್, 2018ರದ್ದು, ಲೂಕಸ್ ಪೋಪ್ ಹೆಚ್ಚುಕಮ್ಮಿ ಒಬ್ಬನೇ ಮಾಡಿದ್ದು. ಕಾಣೆಯಾಗಿದ್ದ ಹಡಗು 1807ರಲ್ಲಿ ತಾನಾಗೇ ವಾಪಸ್ ಬಂದದೆ, ಜೀವ ಇರೂ ಒಬ್ಬನೂ ಇಲ್ಲ. ನೀನು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಇನ್‌ಸ್ಪೆಕ್ಟರು (ಈ ಕಂಪನಿಯ ವ್ಯಾಪಾರದ ಕೋಠಿ ಒಂದು ಕಾಲಕ್ಕೆ ನಮ್ಮ ಕಾರವಾರದಲ್ಲೂ ಇತ್ತು, ಗೊತ್ತಲ್ಲ). 60 ಜನರಲ್ಲಿ ಯಾರ್ಯಾರು, ಒಬ್ಬೊಬ್ಬನಿಗೂ ಎಂತಾಯ್ತು ಹೇಳಿ ಪುಸ್ತಕ ತುಂಬಬೇಕು. ಮಾತಿನ ಧಾಟಿ, ಹಾಕಿದ ಬಟ್ಟೆ, ಮಲಗೂ ಜೋಲಿಯ ನಂಬರು, ಇವೇ ಸುಳಿವು. ಮೂರು ಜನರದ್ದು ಸರಿಯಾದ್ಮೇಲೆನೇ ಗೇಮು ಒಪ್ಪೂದು, ಹಾಗಾಗಿ ಒಂದೊಂದೇ ಅಂದಾಜು ಹೊಡೆದು ನೋಡೂಕಾಗೂದಿಲ್ಲ. ಚಿತ್ರ ಬರೀ ಎರಡೇ ಬಣ್ಣದ್ದು, ಆದ್ರೂ ಮೈ ಜುಂ ಅಂತದೆ.

ಇಂಥ ಸಣ್ಣ ಗೇಮು ಎಲ್ಲಿ ಸಿಗ್ತದೆ ಅಂದ್ರೆ ಸ್ಟೀಮ್ ಹೇಳೂ ದೊಡ್ಡ ಆನ್‌ಲೈನ್ ಗೇಮ್ ಅಂಗಡಿಲೂ ಇದೆ, ಆದ್ರೆ ಹುಡುಕೂಕೆ ನಂಗೆ ಸಣ್ಣ ಗೇಮು ಮಾಡೂವ್ರು ತಾವೇ ಹಾಕೂ ಇಚ್ ಡಾಟ್ ಐಓ ಸೈಟೇ ಇಷ್ಟ. ಅಲ್ಲಿ ಹೆಚ್ಚಿನವು ಕಸ, ಸುಳ್ಳು ಯಾಕೆ ಹೇಳ್ಲಿ, ಲೂಡಮ್ ಡೇರ್ ಥರದ ಜ್ಯಾಮಿಗೆ, ಅಂದ್ರೆ ಗಡುವಿನೊಳಗೆ ಗೇಮು ಮಾಡೂ ಸ್ಪರ್ಧೆಗೆ, 48 ಗಂಟೆಲಿ ಮಾಡಿ ಬಿಟ್ಟದ್ದು, ಅರ್ಧ ದಾರಿಲಿ ಹ್ಯಾಂಗ್ ಆಗ್ತದೆ. ಒಂದು ಹಿಡಿಸ್ತಾ, ಅದನ್ನ ಮಾಡಿದವನ ಬೇರೆ ಗೇಮು ನೋಡು, ಹಾಗೇ ಒಂದರ ಬಾಲ ಹಿಡ್ಕೊಂಡು ಇನ್ನೊಂದಕ್ಕೆ ಹೋಗೂದು. ಟಾಪ್ ಟೆನ್ ಲಿಸ್ಟ್ ನಂಬ್ಬೇಡ.

ಮತ್ತೆ ವೆನ್ಬಾ ಹೇಳೂ ಗೇಮು, 2023ರದ್ದು, ಟೊರೊಂಟೊದವ್ರು ಮಾಡಿದ್ದು, ಕೆನಡಾಕ್ಕೆ ಹೋದ ತಮಿಳು ಸಂಸಾರದ ಕತೆ. ತಾಯಿಯ ಹರಕಲು ಅಡುಗೆ ಪುಸ್ತಕ, ಅಳಿಸಿಹೋದ ಸಾಲು ಊಹಿಸಿ ಅಡುಗೆ ಮಾಡೂದು, ಇಡ್ಲಿ ತಟ್ಟೆ ಜೋಡಿಸೂದೇ ಒಂದು ಪಜಲ್! ಅದನ್ನ ಆಡಿದಾಗಿಂದ ನಂಗೆ ನಮ್ಮ ಕಡೆಯ ಕಾಗದದಂಥ ತೆಳ್ಳಗಿನ ಸಿಹಿತಿಂಡಿ ತೊಡದೇವಿನ ಮರುಳು ಹಿಡಿದದೆ. ಬೋರಲು ಹಾಕಿದ ಗಡಿಗೆ, ಕೆಳಗೆ ಬೆಂಕಿ, ಹಿಟ್ಟಲ್ಲಿ ಬಟ್ಟೆ ಅದ್ದಿ ಗಡಿಗೆ ಮೇಲೆ ತೆಳ್ಳಗೆ ಎಳೀಬೇಕು, ಕೈ ತಡವಾದ್ರೆ ಸೀದುಹೋಗ್ತದೆ. ಇದಕ್ಕಿಂತ ಒಳ್ಳೆ ಗೇಮ್ ಬೇಕಾ ಹೇಳು? ನಾವಿಬ್ರೇ ಇದನ್ನ ಗೇಮು ಮಾಡುವಾ. ಗೋಡೋ ಹೇಳೂ ಎಂಜಿನ್, ಅಂದ್ರೆ ಗೇಮು ಕಟ್ಟೂ ಸಾಫ್ಟ್‌ವೇರು, ಪೂರಾ ಫ್ರೀ. ಕೋಡ್ ನೀ ಮಾಡು, ಬೆಂಗಳೂರಲ್ಲಿ ಅದನ್ನೇ ಅಲ್ವಾ ಮಾಡೂದು. ಎರೆಯೂ ವಿಡಿಯೋ ಆಯಿ ಹತ್ರ ಮಾಡ್ಸಿ ನಾ ಕಳಿಸ್ತೆ, ಶನಿವಾರ ಫೋನ್ ಮಾಡು.

ನಿನ್ನ
ರವಿ