ನಮ್ಮ ಫೋಟೋ ಸಂಗ್ರಹದ ಮೇಡಂ ನೆನಪಿಗೆ

ಎಲ್ಲರಿಗೂ ನಮಸ್ಕಾರ. ಉತ್ಖನನದ, ಅಂದರೆ ಹಳೆಯ ಕಾಲದ ಕುರುಹುಗಳಿಗಾಗಿ ನೆಲ ಅಗೆಯುವ ಕೆಲಸದ, ಫೋಟೋ ಸಂಗ್ರಹ ನೋಡಿಕೊಳ್ಳುತ್ತಿದ್ದ ನಮ್ಮ ಮೇಡಂ ಇನ್ನಿಲ್ಲ ಅನ್ನುವುದನ್ನು ನನಗಿನ್ನೂ ನಂಬಲು ಆಗುತ್ತಿಲ್ಲ. ಯಾವ ಟ್ರೆಂಚ್ (ಅಗೆದ ಗುಂಡಿ), ಯಾವ ಮಣ್ಣಿನ ಪದರ ಅಂತ ಅರ್ಧಂಬರ್ಧ ಹೇಳಿದರೂ ಸರಿಯಾದ ನೆಗೆಟಿವ್ ಹುಡುಕಿ, ಸ್ಕ್ಯಾನ್ ಮಾಡಿ ಕಳಿಸುತ್ತಿದ್ದರು.

ಉತ್ಖನನದಲ್ಲಿ ಒಂದು ಪದರ ತೆಗೆದ ಮೇಲೆ ಅದು ಮತ್ತೆ ಸಿಗುವುದಿಲ್ಲ, ಉಳಿಯುವುದು ಟಿಪ್ಪಣಿ, ನಕ್ಷೆ, ಫೋಟೋ ಮತ್ತೆ ಅಲ್ಲಿ ಸಿಕ್ಕ ವಸ್ತುಗಳು ಅಷ್ಟೇ ಅಲ್ವಾ. ಅದಕ್ಕೇ ಅಳತೆ ಪಟ್ಟಿ, ಉತ್ತರ ದಿಕ್ಕಿನ ಬಾಣ, ಪದರದ ಸಂಖ್ಯೆ ಇಲ್ಲದ ಫೋಟೋ ಬಂದರೆ ಅವತ್ತೇ ಫೋನ್ ಮಾಡಿ ಕೇಳುತ್ತಿದ್ದರು. ಒಮ್ಮೆಯೂ ಗದರಲಿಲ್ಲ. ಹಳೆಯ ಗಾಜಿನ ನೆಗೆಟಿವ್‌ಗಳನ್ನು ಅಂಚು ಹಿಡಿದು ಎತ್ತುವುದು, ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿ ಇಡುವುದು, ಇದೆಲ್ಲ ನನಗೆ ಕಲಿಸಿದ್ದು ಅವರೇ. ಸವೆದುಹೋದ ಒಂದು ಶಾಸನದ ಸಾಲನ್ನು ನಾನು ಓದಲು ಆಗಿದ್ದು, ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಹಳೇ ಫೋಟೋ ಅವರು ಹುಡುಕಿ ಕೊಟ್ಟಿದ್ದರಿಂದ. ನನ್ನ ಲೇಖನದಲ್ಲಿ ಅವರ ಹೆಸರು ಸುಮ್ನೆ ಒಂದು ಸಾಲಿನಲ್ಲಿ ಬಂದು ಹೋಯಿತು, ಅದು ಈಗ ಜಾಸ್ತಿ ನೋಯುತ್ತದೆ.

ನಿಮ್ಮ ಹತ್ತಿರ ಅವರು ಬರೆದ ವಿವರದ ಚೀಟಿ, ಮೇಲ್, ಅವರದೇ ಫೋಟೋ ಏನಿದ್ದರೂ ದಯವಿಟ್ಟು ಇಲ್ಲಿ ಹಾಕಿ. ಎಲ್ಲರ ಫೋಟೋ ಜೋಡಿಸಿಟ್ಟವರು ಅವರು, ಅವರದು ನನ್ನ ಬಳಿ ಒಂದೂ ಇಲ್ಲ. ಹಾಕುವಾಗ ದಿನಾಂಕ, ಸ್ಥಳ ಸೇರಿಸಿ ಬರೆಯಿರಿ.